ಗುಪ್ತೋಷ್ಣಕ್ಕೆ ನಾಲ್ಕು ಅಂಕ

ಹೊಸಮನೆ, ಭದ್ರಾವತಿ
8 ಜುಲೈ 2025

ಭೌತಶಾಸ್ತ್ರದ ಉಪನ್ಯಾಸಕರಾದ ಚಂದ್ರಶೇಖರಪ್ಪನವರಿಗೆ, ನಿಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿನಿ ರಕ್ಷಾಳ ತಂದೆ ಕರಿಯಪ್ಪನ ನಮಸ್ಕಾರಗಳು.

ಈ ಕಾಲದಲ್ಲಿ ಯಾರು ಸ್ವಾಮಿ ಕಾಗದ ಬರೆಯುತ್ತಾರೆ ಎಂದು ನಗಬೇಡಿ. ಇಪ್ಪತ್ತಾರು ವರ್ಷ ಫೌಂಡ್ರಿಯ ಸದ್ದಿನಲ್ಲಿ ನಿಂತು ನನ್ನ ಎರಡೂ ಕಿವಿ ಹೋಗಿವೆ. ಕಿವಿಯ ಮೆಷಿನ್ ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸಿ ಕೇಳುತ್ತದೆ, ಎದುರಿಗಿರುವ ಹೆಂಡತಿ ಕೇಳುವುದಿಲ್ಲ. ಒಂದು ಲೆಕ್ಕಕ್ಕೆ ಅದು ಒಳ್ಳೆಯದೇ. ಹಾಗಾಗಿ ಫೋನಿನಲ್ಲಿ ಮಾತಾಡಲಾರೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಮನೆಯಲ್ಲಿರುವುದು ಒಂದೇ ಫೋನು, ಅದು ಇರುವುದು ಮಗಳ ಕೈಯಲ್ಲಿ. ಅವಳ ವಿಷಯವನ್ನು ಅವಳ ಕೈಯಲ್ಲಿರುವ ಫೋನಿನಲ್ಲೇ ಬರೆಯುವುದು ಹೇಗೆ?

ವಿಷಯ ಇಷ್ಟೆ. ರಕ್ಷಾ ಹತ್ತು ದಿನದಿಂದ ಕಾಲೇಜಿಗೆ ಬಂದಿಲ್ಲ, ನಿಮಗೆ ಗೊತ್ತಿರಬಹುದು. "ಸೈನ್ಸ್ ಬೇಡ ಅಪ್ಪ, ಇಲ್ಲೇ ಭದ್ರಾವತೀಲಿ ಆರ್ಟ್ಸ್ ಸೇರ್ತೀನಿ, ಟಿಸಿ ತರಿಸಿಕೊಡು" ಎಂದು ಹಟ ಹಿಡಿದಿದ್ದಾಳೆ. ಯಾಕೆ ಎಂದರೆ ಬಸ್ಸಿನ ರಶ್ಶು ಎನ್ನುತ್ತಾಳೆ. ಇಲ್ಲಿಂದ ಶಿವಮೊಗ್ಗಕ್ಕೆ ಅರ್ಧ ಮುಕ್ಕಾಲು ಗಂಟೆ. ನಾನು ನಂಬುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನಕ್ಕೆ ತೊಂಬತ್ತಾರು ತೆಗೆದ ಹುಡುಗಿ ಇವಳು, ಅದೂ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. "ನಿನ್ನ ಹಾಗೆ ಕುಲುಮೆ ಮುಂದೆ ನಿಲ್ಲಲ್ಲ ಅಪ್ಪ, ಕುಲುಮೆ ಕಟ್ಟೋಳಾಗ್ತೀನಿ" ಎನ್ನುತ್ತಿದ್ದವಳು. ಈಗ ಅದರ ಮಾತೇ ಇಲ್ಲ.

ಆದರೆ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ನಾನು ಕೆದಕಿ ಕೇಳಿದಾಗಲೂ "ಸಾರ್ ಒಳ್ಳೇವ್ರು" ಎಂದೇ ಹೇಳಿದಳು. ಅದಕ್ಕೇ ಈ ಕಾಗದವನ್ನು ಪ್ರಿನ್ಸಿಪಾಲರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಒಂದೇ ತಿಂಗಳಾದರೂ ನನ್ನ ಮಗಳಿಗೆ ವಿದ್ಯೆ ಹೇಳಿದ್ದೀರಿ, ಆ ಉಪಕಾರ ಮರೆಯುವವನಲ್ಲ. ಇಲ್ಲಿನ ಕಾಲೇಜಿನಲ್ಲಿ ಸೇರಲು ಜುಲೈ 31 ಕೊನೆಯ ದಿನವಂತೆ. ಟಿಸಿಗೆ ಏನೇನು ಕಾಗದ ಪತ್ರ ಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ನಿಮಗೆ ಋಣಿಯಾದ,
ಕರಿಯಪ್ಪ

* * *

ರವೀಂದ್ರನಗರ, ಶಿವಮೊಗ್ಗ
12 ಜುಲೈ 2025

ಶ್ರೀ ಕರಿಯಪ್ಪನವರಿಗೆ ವಂದನೆಗಳು.

ತಮ್ಮ ಪತ್ರ ತಲುಪಿತು. ಕುಮಾರಿ ರಕ್ಷಾ ಗೈರುಹಾಜರಾಗಿರುವುದು ನನ್ನ ಗಮನಕ್ಕೆ ಬಂದಿದೆ. ವರ್ಗಾವಣೆ ಪತ್ರಕ್ಕೆ ಪೋಷಕರ ಅರ್ಜಿ, ಗ್ರಂಥಾಲಯದ ಬಾಕಿ ಇಲ್ಲವೆಂಬ ಚೀಟಿ ಮತ್ತು ಪ್ರಾಂಶುಪಾಲರ ಸಹಿ ಅಗತ್ಯ. ಆದರೆ ಆತುರ ಪಡಬಾರದೆಂದು ನನ್ನ ಸಲಹೆ. ಆಕೆ ಬುದ್ಧಿವಂತೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ತಿಂಗಳು ಕಷ್ಟವಾಗುವುದು ಸಹಜ.

ಆಕೆ ಮನೆಯಲ್ಲಿ ಬೇರೆ ಏನಾದರೂ ಕಾರಣ ಹೇಳಿದ್ದಾಳೆಯೇ? ತರಗತಿಯ ಬಗ್ಗೆ? ತಿಳಿಸಿದರೆ ಅನುಕೂಲ.

ನನಗೆ ಋಣಿ ಎಂದೆಲ್ಲ ಬರೆಯುವ ಅಗತ್ಯವಿರಲಿಲ್ಲ.

ವಿಶ್ವಾಸದಿಂದ,
ಎಂ. ಚಂದ್ರಶೇಖರಪ್ಪ

* * *

ಹೊಸಮನೆ, ಭದ್ರಾವತಿ
18 ಜುಲೈ 2025

ಮೇಷ್ಟ್ರೇ,

ಉಪನ್ಯಾಸಕರೇ ಎಂದು ಪ್ರತಿ ಸಾಲಿಗೂ ಬರೆಯಲು ನನ್ನಿಂದ ಆಗುವುದಿಲ್ಲ, ಏಳನೇ ಕ್ಲಾಸು ಓದಿದವನು. ಮೇಷ್ಟ್ರು ಎಂದರೆ ನನಗೆ ದೊಡ್ಡ ಮಾತೇ.

ನೀವು ಕೇಳಿದಿರಲ್ಲ, ಬೇರೆ ಕಾರಣ ಹೇಳಿದ್ದಾಳೆಯೇ ಎಂದು. ನಮ್ಮ ಮನೆಯಲ್ಲಿ ನನ್ನೊಡನೆ ಮಾತಾಡಬೇಕಾದರೆ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ತೋರಿಸಬೇಕು. ನಿಮ್ಮ ಕಾಗದ ಬಂದ ದಿನ ಒಂದು ಹಾಳೆ ಹರಿದು ಅವಳ ಮುಂದೆ ಇಟ್ಟು, "ನಿಜ ಬರಿ ಮಾರಾಯ್ತಿ, ಏನಾಯ್ತು?" ಎಂದೆ. "ಇಂಗ್ಲಿಷ್ ಬರಲ್ಲ" ಎಂದು ಎರಡು ಪದ ಬರೆದಳು. "ಅದು ಬಿಡು, ಏನು ಪಾಠ ಮಾಡಿದ್ರು ಅದನ್ನ ಕನ್ನಡದಲ್ಲೇ ನನಗೆ ಹೇಳು" ಎಂದೆ. ಮೊದಲು ಮುಖ ಊದಿಸಿಕೊಂಡಿದ್ದಳು. ಆಮೇಲೆ ಬರೆಯುತ್ತಾ ಹೋದಳು. ಶಾಖದ ಪಾಠವಂತೆ.

ಒಂದು ಗ್ರಾಂ ಪದಾರ್ಥವನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕೋ ಅದು ಅದರ ವಿಶಿಷ್ಟೋಷ್ಣ, ಒಂದೊಂದು ಪದಾರ್ಥಕ್ಕೆ ಒಂದೊಂದು, ನೀರಿಗೆ ಬಹಳ ಹೆಚ್ಚು ಎಂದು ಬರೆದಳು. ನನ್ನ ಹೆಂಡತಿ ಜಲಜಮ್ಮ ಬೆಳಗ್ಗೆ ಹೊತ್ತು ಇಡ್ಲಿ ಮಾಡಿ ಮಾರುವವಳು. ಅವಳು ಹಿಂದಿನಿಂದ ಇಣುಕಿ ಓದಿ, "ಇದನ್ನ ಕಲಿಯಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕಾ? ಒಂದೇ ಒಲೆ, ಒಂದೇ ಉರಿ. ಎಣ್ಣೆ ಆಗ್ಲೇ ಕಾದು ಸಾಸಿವೆ ಕೇಳ್ತಿರತ್ತೆ, ನೀರು ಇನ್ನೂ ಮುಖ ತಿರುಗಿಸ್ಕೊಂಡು ಕೂತಿರತ್ತೆ" ಎಂದಳಂತೆ. ಅದನ್ನೂ ರಕ್ಷಾಳೇ ಬರೆದು ತೋರಿಸಿದಳು, ನಗುತ್ತಾ.

ಆಮೇಲೆ ಇನ್ನೊಂದು ವಿಷಯ ಬರೆದಳು. ಮಂಜುಗಡ್ಡೆ ಕರಗುವಾಗ ಎಷ್ಟು ಶಾಖ ಕೊಟ್ಟರೂ ಉಷ್ಣತೆ ಏರುವುದಿಲ್ಲ, ಆ ಶಾಖವೆಲ್ಲ ಕರಗಿಸುವುದಕ್ಕೇ ಹೋಗುತ್ತದೆ ಎಂದು. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು ಮೇಷ್ಟ್ರೇ. ನಾನು ಫೌಂಡ್ರಿ ಸೇರಿದ ಮೊದಲ ವಾರದ ಕಥೆ ಹೇಳಿದೆ. ಅಲ್ಯೂಮಿನಿಯಂ ಕರಗಿಸುವ ಕುಲುಮೆಗೆ ಒಂದು ಮೀಟರು. ಮುಳ್ಳು ಸರಸರ ಏರಿ ಆರುನೂರ ಅರವತ್ತರ ಹತ್ತಿರ ಬಂದು ನಿಂತುಬಿಟ್ಟಿತು. ಕೆಳಗೆ ಬೆಂಕಿ ಧಗಧಗ ಉರಿಯುತ್ತಿದೆ, ಮುಳ್ಳು ಅಲುಗುವುದಿಲ್ಲ. ಮೀಟರು ಕೆಟ್ಟಿತು ಎಂದು ಬೆರಳಲ್ಲಿ ಕುಟ್ಟಿದೆ. ನಮ್ಮ ಮೇಸ್ತ್ರಿ ಆರ್ಮುಗಂ ಓಡಿ ಬಂದು ಕೈ ಹಿಡಿದು, "ಪೊರು ಡಾ, ಪೊರು" ಎಂದರು. ತಮಿಳಿನಲ್ಲಿ ತಾಳು ಎಂದು. "ಮೀಟರ್ ಚೆನ್ನಾಗೇ ಇದೆ ಕಣೋ. ಬೆಂಕಿ ಈಗ ಬಿಸಿ ಮಾಡ್ತಿಲ್ಲ, ಕರಗಿಸ್ತಿದೆ. ಎರಡು ಕೆಲ್ಸ ಒಟ್ಟಿಗೆ ಮಾಡಲ್ಲ ಅದು." ಕೊನೆಯ ಚೂರು ಕರಗುವ ತನಕ ಮುಳ್ಳು ಕದಲಲಿಲ್ಲ. ಆಮೇಲೆ ಮತ್ತೆ ಏರಿತು. ಇಪ್ಪತ್ತಾರು ವರ್ಷ ದಿನಾ ಅದನ್ನು ನೋಡಿದ್ದೇನೆ. ಅದಕ್ಕೊಂದು ಹೆಸರಿದೆ ಎಂದು ಗೊತ್ತಿರಲಿಲ್ಲ.

ರಕ್ಷಾ ಎದ್ದು ಕುಣಿದುಬಿಟ್ಟಳು. "ಅಪ್ಪ, ಇದೇ ಗುಪ್ತೋಷ್ಣ!" ಎಂದು ಹಾಳೆ ತುಂಬ ದೊಡ್ಡದಾಗಿ ಬರೆದಳು. ಬರೆದವಳು ಆ ಪದವನ್ನೇ ನೋಡುತ್ತಾ ಕೂತು, ಇದ್ದಕ್ಕಿದ್ದಂತೆ ಗಳಗಳ ಅತ್ತಳು. ಜಲಜ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಖುಷಿಯ ವಿಷಯಕ್ಕೆ ಯಾಕೆ ಅಳಬೇಕು? ನನಗೆ ಅರ್ಥವಾಗಲಿಲ್ಲ.

ಏನೇ ಇರಲಿ, ಅವಳಿಗೆ ಪಾಠ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ಅದು ನೀವು ಕಲಿಸಿದ್ದು. ನನ್ನ ಕೆಲಸಕ್ಕೆ ನನ್ನ ಮಗಳ ಬಾಯಿಂದ ಒಂದು ಹೆಸರು ಕೊಡಿಸಿದಿರಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಟಿಸಿ ಅರ್ಜಿ ಬರೆದು ಇಟ್ಟಿದ್ದೇನೆ. ನಾನೇ ತರೋಣವೆಂದರೆ ರಕ್ಷಾ ಬೇಡವೇ ಬೇಡ ಎನ್ನುತ್ತಾಳೆ. ಏನು ಮಾಡಲಿ, ಹೇಳಿ.

ನಿಮ್ಮ,
ಕರಿಯಪ್ಪ

* * *

ರವೀಂದ್ರನಗರ, ಶಿವಮೊಗ್ಗ
21 ಜುಲೈ 2025

ಕರಿಯಪ್ಪನವರೇ,

ಆಕೆ ಯಾಕೆ ಅತ್ತಳೆಂದು ನನಗೆ ಗೊತ್ತು. ಹೋದ ಪತ್ರದಲ್ಲೇ ಬರೆಯಬೇಕಿತ್ತು. ಧೈರ್ಯ ಬರಲಿಲ್ಲ. ನೀವು ಮತ್ತೆ ಮತ್ತೆ ಉಪಕಾರ, ಋಣ ಎಂದು ಬರೆಯುತ್ತಿದ್ದೀರಿ, ಅದನ್ನು ಓದುವುದು ನನ್ನಿಂದ ಆಗುತ್ತಿಲ್ಲ.

ಜೂನ್ 26ರಂದು ಶಾಖದ ಪಾಠದ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಂಚಿದೆ. ರಕ್ಷಾ ಇಂಗ್ಲಿಷಿನಲ್ಲೇ ಬರೆಯಲು ಪ್ರಯತ್ನಪಟ್ಟಿದ್ದಳು. ಪುಸ್ತಕದಲ್ಲಿ ಸ್ಪೆಸಿಫಿಕ್ ಹೀಟ್, ಲೇಟೆಂಟ್ ಹೀಟ್ ಎಂದಿರುವ ಕಡೆ ಆಕೆಗೆ ಪದ ಮರೆತಿರಬೇಕು. ಹತ್ತನೇ ತರಗತಿಯವರೆಗೆ ಕಲಿತ ವಿಶಿಷ್ಟೋಷ್ಣ, ಗುಪ್ತೋಷ್ಣಗಳನ್ನು ತಾನೇ ಅನುವಾದ ಮಾಡಿಕೊಂಡು "ಸ್ಪೆಷಲ್ ಹೀಟ್", "ಸೀಕ್ರೆಟ್ ಹೀಟ್" ಎಂದು ಬರೆದಿದ್ದಳು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅರವತ್ತು ಮಕ್ಕಳ ಮುಂದೆ.

ಮೊದಲು ನಕ್ಕವನು ನಾನು. ಇದನ್ನು ಬರೆಯಲೇಬೇಕು. ಲೋಹಿತ್ ಎಂಬ ಹುಡುಗ "ಸೀಕ್ರೆಟ್ ಏಜೆಂಟಾ ಸಾರ್?" ಎಂದ. ನಾನು ಅವನನ್ನು ಗದರಿಸುವುದು ಬಿಟ್ಟು, "ಸೀಕ್ರೆಟ್ ಆದ್ರೆ ನಿನಗೆ ಹೆಂಗಮ್ಮ ಗೊತ್ತಾಯ್ತು?" ಎಂದು ರಕ್ಷಾಳನ್ನು ಎಬ್ಬಿಸಿ ನಿಲ್ಲಿಸಿ ಕೇಳಿದೆ. ಆಕೆ "ನಮ್ಮ ಪುಸ್ತಕದಲ್ಲಿ ಗುಪ್ತ ಅಂತ ಇತ್ತು ಸಾರ್" ಎಂದಳು. ತರಗತಿ ಇನ್ನೂ ಜೋರಾಗಿ ನಕ್ಕಿತು. ನಾಲ್ಕು ಅಂಕದ ಪ್ರಶ್ನೆಗೆ ಸೊನ್ನೆ ಕೊಟ್ಟಿದ್ದೆ. ಮಾರನೇ ದಿನದಿಂದ ಆಕೆ ಬರಲಿಲ್ಲ. ಬಸ್ಸಿನ ರಶ್ಶಲ್ಲ ಕರಿಯಪ್ಪನವರೇ, ಕಾರಣ ನಾನು.

ನಿಮ್ಮ ಮೇಸ್ತ್ರಿಯ ಕಥೆ ಓದಿದ ಮೇಲೆ, ಆಕೆ ಅವತ್ತು ತರಗತಿಯಲ್ಲೇ ಬಿಟ್ಟುಹೋಗಿದ್ದ ಆ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಎರಡು ಪದ ಬಿಟ್ಟರೆ ಎಲ್ಲವೂ ಸರಿ. ನೂರು ಡಿಗ್ರಿಯ ಕುದಿನೀರಿಗಿಂತ ನೂರು ಡಿಗ್ರಿಯ ಆವಿ ಹೆಚ್ಚು ಸುಡುವುದು ಯಾಕೆಂದು ಕೇಳಿದ್ದೆ. ಆವಿ ಮೈ ಮೇಲೆ ನೀರಾಗುವಾಗ ತನ್ನೊಳಗಿನ ಗುಪ್ತ ಶಾಖವನ್ನು ಬಿಟ್ಟುಕೊಡುತ್ತದೆ ಎಂದು ಬರೆದು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಉದಾಹರಣೆ ಕೊಟ್ಟಿದ್ದಳು. ಆಮೇಲೆ ನಿಘಂಟು ತೆಗೆದೆ. ಲೇಟೆಂಟ್ ಎಂದರೆ ಏನು ಗೊತ್ತೇ? ಅಡಗಿರುವ, ಮರೆಯಲ್ಲಿರುವ, ಗುಪ್ತ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ, ಆ ಪದದ ಅರ್ಥ ನೋಡಿರಲಿಲ್ಲ. ನನ್ನ ಹೆಂಡತಿ ಜಗದಾಂಬಾ ಕನ್ನಡಕದ ಮೇಲಿಂದ ನೋಡಿ, "ಹಂಗಾದ್ರೆ ಆ ಹುಡುಗಿಗೆ ಅರ್ಥ ಗೊತ್ತಿತ್ತು, ನಿಮಗೆ ಬರೀ ಸದ್ದು ಗೊತ್ತಿತ್ತು" ಎಂದಳು.

ಇನ್ನೊಂದು ಮಾತು. ನಾನೂ ಕನ್ನಡ ಮಾಧ್ಯಮದವನೇ. ಪಿಯುಸಿಯಲ್ಲಿ ಇಂಗ್ಲಿಷ್ ಪಾಠವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದವನು. ಇಷ್ಟು ವರ್ಷದಲ್ಲಿ ಯಾವ ತರಗತಿಗೂ ಅದನ್ನು ಹೇಳಿಲ್ಲ.

ಉತ್ತರಪತ್ರಿಕೆಯನ್ನು ತಿದ್ದಿ ಇದರೊಂದಿಗೆ ಕಳಿಸಿದ್ದೇನೆ. ನಾಲ್ಕಕ್ಕೆ ನಾಲ್ಕು. ಈ ಪತ್ರವನ್ನು ರಕ್ಷಾಳಿಗೆ ತೋರಿಸುವುದು ಬಿಡುವುದು ನಿಮಗೆ ಸೇರಿದ್ದು. ಆಗಲೂ ಆಕೆಗೆ ಟಿಸಿಯೇ ಬೇಕೆಂದರೆ ನಾನೇ ಸಹಿ ಮಾಡಿಸಿ ನಿಮ್ಮ ಮನೆಗೆ ತಂದುಕೊಡುತ್ತೇನೆ. ನನ್ನನ್ನು ಕ್ಷಮಿಸಿ ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ಚಂದ್ರಶೇಖರಪ್ಪ

* * *

ಹೊಸಮನೆ, ಭದ್ರಾವತಿ
25 ಜುಲೈ 2025

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಕೆಟ್ಟ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ? ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಬಂದೆ. ನಿಮ್ಮ ಕ್ಲಾಸಿಗೇ ನುಗ್ಗಿ ನಾಲ್ಕು ಮಾತು ಆಡೋಣ ಅಂತ. ಶಿವಮೊಗ್ಗದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅಷ್ಟರಲ್ಲಿ ಯೋಚನೆ ಬಂತು: ಈ ಮನುಷ್ಯ ಸುಮ್ಮನೆ ಟಿಸಿಗೆ ಸಹಿ ಮಾಡಿಸಿ ಕೈ ತೊಳೆದುಕೊಳ್ಳಬಹುದಿತ್ತು. ನಮಗೆ ಯಾವ ಕಾಲಕ್ಕೂ ಗೊತ್ತಾಗುತ್ತಿರಲಿಲ್ಲ. ನಾವೇ ಕೈ ಮುಗಿದು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದೆವು. ಮನೆಗೆ ವಾಪಸ್ ಬಂದೆ.

ಕಾಗದ ರಕ್ಷಾಳಿಗೆ ಕೊಟ್ಟೆ. ಮೂರು ಸಲ ಓದಿದಳು. ನಾಲ್ಕಕ್ಕೆ ನಾಲ್ಕು ಎಂದಿದ್ದನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಹಾಳೆಯ ಮೇಲೆ ಬರೆದಳು, ಹಾಗೇ ನಕಲು ಮಾಡಿದ್ದೇನೆ: "ನಕ್ಕಿದ್ದು ಕ್ಲಾಸಲ್ಲಿ, ಸಾರಿ ಮಾತ್ರ ಕಾಗದದಲ್ಲಾ?"

ನನ್ನ ಮಗಳು ಹೇಳಿದ್ದು ಸರಿ ಅಂತ ನನಗೆ ಅನ್ನಿಸಿತು. ನಿಮಗೂ ಅನ್ನಿಸುತ್ತದೆ. ಸೋಮವಾರ ಒಂದು ದಿನ ಬರುತ್ತಾಳೆ. ಹಿಂದಿನ ಬೆಂಚಿನಲ್ಲಿ ಕೂರುತ್ತಾಳಂತೆ. ಟಿಸಿ ಅರ್ಜಿ ಬ್ಯಾಗಿನಲ್ಲೇ ಇರುತ್ತದೆ. ಆಮೇಲೆ ಅವಳಿಷ್ಟ, ನಾನು ಬಲವಂತ ಮಾಡುವುದಿಲ್ಲ.

ಮತ್ತೆ ಥ್ಯಾಂಕ್ಸ್ ಹೇಳಬಾರದು ಎಂದುಕೊಂಡಿದ್ದೆ. ಆಗುತ್ತಿಲ್ಲ. ನಿಜ ಬರೆದಿದ್ದಕ್ಕೆ ಥ್ಯಾಂಕ್ಸ್. ಮೊದಲಿನ ಎರಡು ಥ್ಯಾಂಕ್ಸ್ ವಾಪಸ್ ತಗೊಂಡಿದ್ದೇನೆ, ಇದೊಂದನ್ನು ಇಟ್ಟುಕೊಳ್ಳಿ.

ಕರಿಯಪ್ಪ

* * *

ರವೀಂದ್ರನಗರ, ಶಿವಮೊಗ್ಗ
28 ಜುಲೈ 2025

ಕರಿಯಪ್ಪನವರೇ,

ಸಂಜೆ ಮನೆಗೆ ಬಂದವನೇ ಇದನ್ನು ಬರೆಯುತ್ತಿದ್ದೇನೆ. ಜಗದಾಂಬಾ ಕೊಟ್ಟ ಕಾಫಿ ಪಕ್ಕದಲ್ಲೇ ಆರುತ್ತಿದೆ.

ರಕ್ಷಾ ಬಂದಳು. ನಾನು ಹಾಜರಿ ಕೂಗುವ ಮೊದಲೇ ಲೇಟೆಂಟ್ ಎಂದರೆ ಅರ್ಥವೇನು ಎಂದು ತರಗತಿಗೆ ಕೇಳಿದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳೇ ಹೆಚ್ಚು, ಒಬ್ಬರೂ ಕೈ ಎತ್ತಲಿಲ್ಲ. ನಿಘಂಟಿನ ಪುಟವನ್ನು ಲೋಹಿತನ ಕೈಗೆ ಕೊಟ್ಟು ಓದಿಸಿದೆ. ಓದಿದವನು ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದ. ಪರೀಕ್ಷೆಯಲ್ಲಿ ಪುಸ್ತಕದ ಪದವನ್ನೇ ಬರೆಯಬೇಕು, ಅದನ್ನು ಕಲಿಯಲೇಬೇಕು, ಆದರೆ ಅವತ್ತು ಈ ಕೋಣೆಯಲ್ಲಿ ಆ ಪದದ ಅರ್ಥ ಗೊತ್ತಿದ್ದವಳು ಒಬ್ಬಳೇ, ಅವಳನ್ನು ನೋಡಿ ನಾನು ನಕ್ಕೆ, ನೀವೂ ನಗುವಂತೆ ಮಾಡಿದೆ, ಅದು ತಪ್ಪು ಎಂದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನೂ ಹೇಳಿದೆ. ಇಂಪನಾ ಎಂಬ ಹುಡುಗಿ ತಾನಾಗಿ ಎದ್ದು ಹೋಗಿ ರಕ್ಷಾಳ ಪಕ್ಕ ಕೂತಳು.

ನಿಮ್ಮ ಕುಲುಮೆಯ ಮುಳ್ಳಿನ ಕಥೆ ಹೇಳಿದಾಗ ಮಕ್ಕಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ನಿಲ್ಲುತ್ತದೆ, ಬೆಂಕಿ ಹೆಚ್ಚಿಸಿದರೆ ಏನಾಗುತ್ತದೆ, ಅಷ್ಟು ಬಿಸಿಯ ಹತ್ತಿರ ಹೋಗುವುದು ಹೇಗೆ. ನಾನು ಕಂಡಿರುವುದು ಬೋರ್ಡಿನ ಮೇಲಿನ ಗ್ರಾಫು ಮಾತ್ರ. ಶನಿವಾರ, ಆಗಸ್ಟ್ 2ರಂದು, ನೀವು ಬಂದು ಅವರಿಗೆ ಹೇಳಬೇಕು. ರಕ್ಷಾಳನ್ನು ಕೇಳಿದೆ. "ಅಪ್ಪನಿಗೆ ಆಗಲ್ಲ ಸಾರ್" ಎಂದಷ್ಟೇ ಹೇಳಿ ಕೆಳಗೆ ನೋಡಿದಳು. ಹಾಗಾಗಿ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಗಂಟೆ ಹೊಡೆದಾಗ ಎದ್ದು ಹೋದಳು. ಟಿಸಿ ಕೇಳಲಿಲ್ಲ. ಉಳಿಯುತ್ತೇನೆ ಎಂದೂ ಹೇಳಲಿಲ್ಲ.

ನೀವು ಉಳಿಸಿಕೊಟ್ಟ ಆ ಒಂದು ಥ್ಯಾಂಕ್ಸಿಗೆ ನಾನು ಋಣಿ.

ಚಂದ್ರಶೇಖರಪ್ಪ

* * *

31 ಜುಲೈ 2025, ಬೆಳಗ್ಗೆ

ಅಪ್ಪ,

ಇದನ್ನ ನಿನ್ನ ಅಂಗಿ ಜೇಬಲ್ಲಿ ಇಟ್ಟು ಹೋಗ್ತಿದೀನಿ. ಬಾಯಲ್ಲಿ ಹೇಳಿದ್ರೆ ನಿನಗೆ ಕೇಳಲ್ಲ, ಕೂಗಿ ಹೇಳಿದ್ರೆ ಹೊಸಮನೆಗೆಲ್ಲ ಕೇಳುತ್ತೆ. ಕ್ಯಾಲೆಂಡರ್ ಹಾಳೆ ಮೇಲೆ ಬರೆಯೋಣ ಅಂದ್ರೆ ಅಮ್ಮ ಇಣುಕಿ ನೋಡ್ತಾಳೆ.

ಇವತ್ತು ಮೂವತ್ತೊಂದು, ಆರ್ಟ್ಸಿಗೆ ಕೊನೇ ದಿನ. ನೀನು ಇದನ್ನ ಓದೋ ಹೊತ್ತಿಗೆ ನಾನು ಶಿವಮೊಗ್ಗದ ಬಸ್ಸಲ್ಲಿ ಇರ್ತೀನಿ. ಟಿಸಿ ಅರ್ಜಿ ಹರಿದು ಅಮ್ಮನ ಒಲೆಗೆ ಹಾಕಿದೆ. ಇಂಗ್ಲಿಷ್ ಪದ ಎಲ್ಲ ಕಲೀತೀನಿ. ಸಾರ್ ಎರಡೂ ಭಾಷೆಯ ಪದಗಳನ್ನ ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿದಾರೆ. ಲೋಹಿತ್ ಬಂದು "ಸಾರಿ, ನಾನು ಸುಮ್ನೆ ಜೋಕ್ ಮಾಡಿದ್ದು" ಅಂದ. ಇನ್ನೊಂದ್ಸಲ ಮಾಡ್ಬೇಡ ಮಾರಾಯ ಅಂದೆ.

ಸಾರ್ ನಿನಗೆ ಬರೆದ ಕಾಗದ ನಿನ್ನೆ ಬಂತು. ಮೊದಲು ನನ್ನ ಕೈಗೆ ಸಿಕ್ತು. ಬಚ್ಚಿಟ್ಟೆ. ನಿನಗೆ ಆಗಲ್ಲ ಅಂತ ಸಾರ್ ಹತ್ರ ಹೇಳಿದ್ದೂ ನಾನೇ. ಯಾಕೆ ಅಂತ ಬರೀತೀನಿ, ಓದಿ ಬೇಜಾರಾದ್ರೆ ಬೈಯಿ.

ನಾನು ಎಂಟನೇ ಕ್ಲಾಸಲ್ಲಿದ್ದಾಗ ನೀನು ಪೋಷಕರ ಸಭೆಗೆ ಬಂದಿದ್ದೆ, ನೆನಪಿದೆಯಾ? ಮೇಡಂ ಏನೋ ಕೇಳಿದ್ರು, ನಿನಗೆ ಇನ್ನೇನೋ ಕೇಳಿಸ್ತು, ಜೋರಾಗಿ ಉತ್ತರ ಕೊಟ್ಟೆ. ಎಲ್ಲರೂ ನಕ್ಕರು. ನಿನಗೆ ಕೇಳಿಸಲಿಲ್ಲ, ನೀನೂ ಅವರ ಜೊತೆ ನಕ್ಕೆ. ನನಗೆ ಕೇಳಿಸ್ತು ಅಪ್ಪ. ಆಮೇಲೆ ಎರಡು ವರ್ಷ ಸಭೆನೇ ಇಲ್ಲ ಅಂತ ನಿನಗೆ ಸುಳ್ಳು ಹೇಳಿದೆ. ಜೂನಲ್ಲಿ ಕ್ಲಾಸಿನೋರು ನನ್ನ ನೋಡಿ ನಕ್ಕಾಗ ನಾನು ನಿಜ ಹೇಳದೇ ಇದ್ದಿದ್ದು ಅದಕ್ಕೇ. ಹೇಳಿದ್ರೆ ನೀನು ಜಗಳಕ್ಕೆ ಬರ್ತೀಯ, ಆಗ ನಿನ್ನ ನೋಡಿ ನಗ್ತಾರೆ ಅಂತ ಹೆದರಿದ್ದೆ. ಸೈನ್ಸ್ ಬಿಟ್ಟರೂ ಪರವಾಗಿಲ್ಲ, ನೀನು ಆ ಕ್ಲಾಸಿಗೆ ಬರೋದು ಬೇಡ ಅನ್ನಿಸಿತ್ತು. ನಿನ್ನ ಕಿವಿ ಹೋಗಿದ್ದು ಎಲ್ಲಿ ನಿಂತು, ಯಾರಿಗೋಸ್ಕರ ಅಂತ ಗೊತ್ತಿದ್ದೂ ಹಂಗೆ ಮಾಡಿದೆ. ತಪ್ಪಾಯ್ತು.

ಸಾರ್ ಅಷ್ಟು ಜನರ ಮುಂದೆ ನಿಂತು ಹೇಳಿದ್ರಲ್ಲ. ಅವರಿಗೆ ಆಗೋದಾದ್ರೆ ನನಗ್ಯಾಕೆ ಆಗಲ್ಲ?

ಸಾರ್ ಕಾಗದ ಇದರ ಜೊತೆಗೇ ಇದೆ, ಓದು. ಶನಿವಾರ ನನ್ನ ಜೊತೆ ಬಾ. ನೀಲಿ ಅಂಗಿ ಇಸ್ತ್ರಿ ಮಾಡಿ ಇಟ್ಟಿದೀನಿ. ಅವರು ಕೇಳೋ ಪ್ರಶ್ನೆ ನಾನು ಪಕ್ಕದಲ್ಲಿ ನಿಂತು ಬರೆದು ತೋರಿಸ್ತೀನಿ. ನೀನು ಜೋರಾಗೇ ಮಾತಾಡು, ಹಿಂದಿನ ಬೆಂಚಿಗೂ ಕೇಳಲಿ. ಮೊದಲು ನಾನು ಎದ್ದು ನಿಂತು ಇವರು ನಮ್ಮಪ್ಪ ಅಂತ ಹೇಳ್ತೀನಿ. ಆಮೇಲೆ ನೀನು ಶುರು ಮಾಡು.

ನಿನ್ನ ಮಗಳು,
ರಕ್ಷಾ